ಜೂನ್ ತಿಂಗಳ ಬಾಡಿಗೆ, ಜನವರಿಯ ಭತ್ಯೆ: ಅಮೆರಿಕದ ಸೈನಿಕರ ಮನೆ ಲೆಕ್ಕ

ಅಮೆರಿಕದ ಸೈನಿಕನಿಗೆ ವರ್ಗಾವಣೆ ಆದೇಶ ಬಂದ ಸಂಜೆ ಮನೆಯಲ್ಲಿ ಯಾರಾದರೊಬ್ಬರು ರಕ್ಷಣಾ ಇಲಾಖೆಯ ಜಾಲತಾಣ ತೆರೆದು ಕೂರುತ್ತಾರೆ. ಅಲ್ಲಿರುವ ಪುಟ್ಟ ಲೆಕ್ಕಯಂತ್ರ ಕೇಳುವುದು ಮೂರೇ ಸಂಗತಿ: ಯಾವ ವರ್ಷ, ಹೊಸ ನೆಲೆಯ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಏನು, ವೇತನ ದರ್ಜೆ ಯಾವುದು. ಗುಂಡಿ ಒತ್ತಿದರೆ ಎರಡು ಮೊತ್ತಗಳು ಬರುತ್ತವೆ. ಅವಲಂಬಿತರಿದ್ದರೆ ಇಷ್ಟು, ಒಬ್ಬರೇ ಇದ್ದರೆ ಇಷ್ಟು. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆ ಊರಿನ ಬಾಡಿಗೆ ಜಾಹೀರಾತುಗಳನ್ನು ನೋಡಲು ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಮನೆಯವರ ಮುಖ ಅರಳಬಹುದು, ಬಾಡಲೂಬಹುದು.

ಈ ಮೊತ್ತದ ಹೆಸರು ಬೇಸಿಕ್ ಅಲೊವೆನ್ಸ್ ಫಾರ್ ಹೌಸಿಂಗ್. ಸೈನಿಕರ ಬಾಯಲ್ಲಿ ಬರೀ ಬಿಎಎಚ್. 2025ರಲ್ಲಿ ಸುಮಾರು 10 ಲಕ್ಷ ಸೈನಿಕರಿಗೆ ಈ ಹೆಸರಿನಲ್ಲಿ ಹಂಚಲು ಅಂದಾಜು ಮಾಡಿದ್ದ ಹಣ 2,920 ಕೋಟಿ ಡಾಲರ್. ಇದು ಊರಿನ ಬಾಡಿಗೆಗೆ ಸಾಟಿಯಾಗುತ್ತದೆಯೇ ಎಂಬ ಪ್ರಶ್ನೆ ಪ್ರತಿ ಡಿಸೆಂಬರ್‌ನಲ್ಲಿ ಹೊಸ ದರ ಹೊರಬಿದ್ದಾಗ ಏಳುತ್ತದೆ. ಸಾಲುತ್ತದೆ ಎಂದು ಇಲಾಖೆ ಹೇಳುತ್ತದೆ, ಸಾಲದು ಎಂದು ಕುಟುಂಬಗಳು ಹೇಳುತ್ತವೆ. ವಿಚಿತ್ರವೆಂದರೆ ಇಬ್ಬರೂ ಒಂದೇ ಸಮಯದಲ್ಲಿ ಸರಿಯಾಗಿರಬಹುದು. ಅದು ಹೇಗೆ ಎಂಬುದು ಅರ್ಥವಾಗಬೇಕಾದರೆ ಈ ಮೊತ್ತ ಹುಟ್ಟುವ ಬಗೆಯನ್ನು ಬಿಚ್ಚಿ ನೋಡಬೇಕು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಮೂಲ ವೇತನದ ಶೇಕಡಾ ಇಷ್ಟು ಎಂದು ಕೊಡುವ ಬಾಡಿಗೆ ಭತ್ಯೆ ಇದಲ್ಲ. ಕೊಟ್ಟ ಬಾಡಿಗೆಯ ರಸೀದಿ ತೋರಿಸಿ ಪಡೆಯುವ ಹಣವೂ ಅಲ್ಲ. ಸೈನಿಕ ಕೆಲಸ ಮಾಡುವ ನೆಲೆ ಎಲ್ಲಿದೆ, ಅವನ ದರ್ಜೆ ಯಾವುದು, ಅವಲಂಬಿತರು ಇದ್ದಾರೋ ಇಲ್ಲವೋ, ಇವು ಮೂರೇ ಅದನ್ನು ನಿರ್ಧರಿಸುತ್ತವೆ. ಅವನು ಎಲ್ಲಿ ವಾಸಿಸುತ್ತಾನೆ, ಎಷ್ಟು ಬಾಡಿಗೆ ಕಟ್ಟುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಕಡಿಮೆ ಬಾಡಿಗೆಯ ಮನೆ ಹಿಡಿದರೆ ಉಳಿದದ್ದು ಅವನದೇ. ಹೆಚ್ಚಿನದನ್ನು ಹಿಡಿದರೆ ಸಂಬಳಕ್ಕೆ ಕೈ ಹಾಕಬೇಕು. ಈ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ. 2016ರಲ್ಲಿ ಸೆನೆಟ್ ತನ್ನ ರಕ್ಷಣಾ ಮಸೂದೆಯಲ್ಲಿ ಇದನ್ನು ಬದಲಿಸಲು ನೋಡಿತು. ನಿಜವಾಗಿ ಕಟ್ಟಿದ ಬಾಡಿಗೆಯಷ್ಟನ್ನೇ ಒಂದು ಮಿತಿಯೊಳಗೆ ಕೊಡೋಣ ಎಂಬುದು ಅದರ ಸಲಹೆಯಾಗಿತ್ತು. ಸೈನಿಕರ ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದವು. ಅಂತಿಮ ಕಾನೂನಿನಲ್ಲಿ ಆ ಸಾಲು ಉಳಿಯಲಿಲ್ಲ.

ಸೈನಿಕನನ್ನೇ ಕೇಳಿ ಕೆಟ್ಟ ಲೆಕ್ಕ

ನಿಜವಾಗಿ ಖರ್ಚು ಮಾಡಿದ್ದನ್ನೇ ಆಧಾರ ಮಾಡಿಕೊಂಡರೆ ನ್ಯಾಯವಲ್ಲವೇ ಎಂದು ಅನ್ನಿಸುವುದು ಸಹಜ. ಅಮೆರಿಕ ಅದನ್ನು ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದೆ. ಆ ಕಥೆ ತಿಳಿಯದೆ ಈಗಿನ ಪದ್ಧತಿಯನ್ನು ಟೀಕಿಸುವುದು ಸುಲಭ, ಆದರೆ ಆ ಟೀಕೆ ಗುರಿ ತಪ್ಪುತ್ತದೆ.

1980ರಿಂದ 1997ರವರೆಗೆ ಸೈನಿಕರಿಗೆ ಎರಡು ತುಂಡು ಭತ್ಯೆ ಸಿಗುತ್ತಿತ್ತು. ಒಂದು, ದೇಶಕ್ಕೆಲ್ಲ ಒಂದೇ ದರದ ವಸತಿ ಭತ್ಯೆ. ಇನ್ನೊಂದು, ದುಬಾರಿ ಊರುಗಳಲ್ಲಿ ಅದರ ಮೇಲೆ ಸೇರಿಸುತ್ತಿದ್ದ ಬದಲಾಗುವ ಭತ್ಯೆ. ಈ ಎರಡನೆಯದನ್ನು ನಿಗದಿ ಮಾಡಲು ಇಲಾಖೆ ಸೈನಿಕರನ್ನೇ ಸಮೀಕ್ಷೆ ಮಾಡುತ್ತಿತ್ತು: ನೀವು ಮನೆಗೆ ಎಷ್ಟು ಖರ್ಚು ಮಾಡುತ್ತೀರಿ? ಕೆಳದರ್ಜೆಯ ಸೈನಿಕ ತನ್ನ ಕೈಲಾದಷ್ಟು ಅಗ್ಗದ, ಸೋರುವ, ದೂರದ ಮನೆಯಲ್ಲಿ ಇರುತ್ತಿದ್ದ. ಆ ಕಡಿಮೆ ಬಾಡಿಗೆಯನ್ನೇ ಪ್ರಾಮಾಣಿಕವಾಗಿ ಬರೆದುಕೊಡುತ್ತಿದ್ದ. ಇವರ ಖರ್ಚು ಕಡಿಮೆ ಎಂದು ಇಲಾಖೆ ಓದಿಕೊಳ್ಳುತ್ತಿತ್ತು. ಮರುವರ್ಷದ ಭತ್ಯೆಯೂ ಅದಕ್ಕೆ ತಕ್ಕಂತೆ ಕಡಿಮೆಯಾಗಿರುತ್ತಿತ್ತು. ಅವನು ಮತ್ತೆ ಅಗ್ಗದ ಮನೆಯನ್ನೇ ಹುಡುಕಬೇಕಾಗುತ್ತಿತ್ತು. ಬಡತನವೇ ಬಡತನಕ್ಕೆ ಸಾಕ್ಷಿ ಹೇಳಿ ಅದನ್ನು ಕಾಯಂ ಮಾಡುವ ಸುಳಿ ಅದು.

1998ರ ಜನವರಿ 1ರಿಂದ ಎರಡನ್ನೂ ಒಂದಾಗಿಸಿ ಬಿಎಎಚ್ ಬಂತು. ಅಳತೆಗೋಲು ಸೈನಿಕನ ಜೇಬಿನಿಂದ ಊರಿನ ಮಾರುಕಟ್ಟೆಗೆ ಹೋಯಿತು. ಇದೇ ದರ್ಜೆಗೆ ಹತ್ತಿರದ ಆದಾಯವಿರುವ ಸಾಮಾನ್ಯ ನಾಗರಿಕ ಎಂಥ ಮನೆಯಲ್ಲಿರುತ್ತಾನೆ, ಅಂಥ ಮನೆಗೆ ಈ ಊರಿನಲ್ಲಿ ಬಾಡಿಗೆ ಎಷ್ಟು ಎಂಬುದು ಹೊಸ ಪ್ರಶ್ನೆಯಾಯಿತು. ಆ ಕಾಲಕ್ಕೆ ಸೈನಿಕರು ಮನೆ ಖರ್ಚಿನ ಸುಮಾರು ಐದನೇ ಒಂದು ಭಾಗವನ್ನು ಕೈಯಿಂದ ಹಾಕುತ್ತಿದ್ದರು. 2000ದಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ವಿಲಿಯಂ ಕೋಹೆನ್ ಅದನ್ನು ಹಂತಹಂತವಾಗಿ ಸೊನ್ನೆಗೆ ಇಳಿಸುವುದಾಗಿ ಪ್ರಕಟಿಸಿದರು. 2005ರ ಹೊತ್ತಿಗೆ ಅದು ಸೊನ್ನೆಯಾಯಿತು. ಹತ್ತು ವರ್ಷ ಹಾಗೇ ನಡೆಯಿತು. ಆಮೇಲೆ ವೆಚ್ಚ ಕಡಿತದ ಗಾಳಿ ಬೀಸಿ, 2015ರಲ್ಲಿ ಬಾಡಿಗೆದಾರರ ವಿಮೆಯ ಹಣವನ್ನು ಲೆಕ್ಕದಿಂದ ಕಿತ್ತುಹಾಕಿದರು. ಜೊತೆಗೆ ಶೇ 1ರಷ್ಟನ್ನು ಸೈನಿಕನೇ ಭರಿಸಲಿ ಎಂದರು. ಅದು ವರ್ಷಕ್ಕೆ ಒಂದೊಂದರಂತೆ ಏರಿ 2019ರಲ್ಲಿ ಶೇ 5ಕ್ಕೆ ಮುಟ್ಟಿ ಅಲ್ಲೇ ನಿಂತಿದೆ. 2024ರ ಏಪ್ರಿಲ್‌ನಲ್ಲಿ ಪ್ರತಿನಿಧಿ ಸಭೆಯ ರಕ್ಷಣಾ ಸಮಿತಿ ನೇಮಿಸಿದ್ದ ಜೀವನಮಟ್ಟ ಸಮಿತಿಯೊಂದು ಈ ಶೇ 5ನ್ನು ತೆಗೆದು ಪೂರ್ತಿ ಕೊಡಿ ಎಂದು ಶಿಫಾರಸು ಮಾಡಿತು. 2025ರ ದರಗಳಲ್ಲೂ ಕಡಿತ ಹಾಗೆಯೇ ಇತ್ತು.

ಮೊತ್ತ ಹುಟ್ಟುವ ಬಗೆ

ದೇಶವನ್ನು ಜಿಪ್ ಕೋಡ್‌ಗಳ ಗುಂಪುಗಳಾಗಿ ಕತ್ತರಿಸಿ ಸುಮಾರು 300 ಸೇನಾ ವಸತಿ ಪ್ರದೇಶಗಳನ್ನು ಮಾಡಿದ್ದಾರೆ. ಪ್ರತಿ ಪ್ರದೇಶದಲ್ಲೂ ಆರು ಬಗೆಯ ಮನೆಗಳ ಬಾಡಿಗೆ ಕಲೆಹಾಕುತ್ತಾರೆ: ಒಂದು ಮತ್ತು ಎರಡು ಮಲಗುವ ಕೋಣೆಗಳ ಅಪಾರ್ಟ್‌ಮೆಂಟ್, ಎರಡು ಮತ್ತು ಮೂರು ಕೋಣೆಗಳ ಟೌನ್‌ಹೌಸ್ ಅಂದರೆ ಗೋಡೆ ಹಂಚಿಕೊಂಡ ಸಾಲುಮನೆ, ಮೂರು ಮತ್ತು ನಾಲ್ಕು ಕೋಣೆಗಳ ಬಿಡಿ ಮನೆ. ಒಂದೊಂದು ದರ್ಜೆಗೆ ಒಂದೊಂದು ಬಗೆಯನ್ನು ಗಂಟು ಹಾಕಿದ್ದಾರೆ. ಅವಲಂಬಿತರಿರುವ ಇ-5, ಭೂಸೇನೆಯಲ್ಲಾದರೆ ಸಾರ್ಜೆಂಟ್, ಎರಡು ಕೋಣೆಯ ಟೌನ್‌ಹೌಸ್‌ಗೆ ಅರ್ಹ. ಇ-6ಕ್ಕೆ ಮೂರು ಕೋಣೆಯ ಟೌನ್‌ಹೌಸ್. ಓ-5, ಅಂದರೆ ಲೆಫ್ಟಿನೆಂಟ್ ಕರ್ನಲ್, ನಾಲ್ಕು ಕೋಣೆಯ ಬಿಡಿ ಮನೆಗೆ. ನಡುವಿನ ದರ್ಜೆಗಳಿಗೆ ನಡುವಿನ ಮೊತ್ತ.

ಇಲ್ಲಿ ಅರ್ಹ ಎಂದರೆ ಲೆಕ್ಕಕ್ಕೆ ಮಾತ್ರ. ಇದು ಎಷ್ಟೋ ಕುಟುಂಬಗಳಿಗೆ ತಡವಾಗಿ ತಿಳಿಯುವ ಸಂಗತಿ. ಅವಲಂಬಿತರು ಇದ್ದಾರೆ, ಇಲ್ಲ ಎಂಬ ಎರಡೇ ಕಾಲಂಗಳು. ಒಂದು ಮಗುವಿರುವ ಸಾರ್ಜೆಂಟ್‌ಗೂ ನಾಲ್ಕು ಮಕ್ಕಳಿರುವ ಸಾರ್ಜೆಂಟ್‌ಗೂ ಅದೇ ಎರಡು ಕೋಣೆಯ ಟೌನ್‌ಹೌಸ್‌ನ ಹಣ. ನಾಲ್ಕು ಮಕ್ಕಳ ತಾಯಿ ಭತ್ಯೆ ಸಾಲದು ಎಂದಾಗ ಅವರು ಹೋಲಿಸುತ್ತಿರುವುದು ಮೂರು ಕೋಣೆಯ ಮನೆಗೆ. ಸಾಲುತ್ತದೆ ಎನ್ನುವ ಅಧಿಕಾರಿ ನೋಡುತ್ತಿರುವುದು ಎರಡು ಕೋಣೆಯ ಮನೆಯ ಸಾಲನ್ನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಬಾಡಿಗೆ ಕಲೆಹಾಕುವುದು ವಸಂತ ಮತ್ತು ಬೇಸಿಗೆಯಲ್ಲಿ, ಮನೆ ಬದಲಾವಣೆಯ ಭರಾಟೆ ಇರುವಾಗ. ಜನಗಣತಿ ಬ್ಯೂರೊದ ಸಮೀಕ್ಷೆ, ಗ್ರಾಹಕ ಬೆಲೆ ಸೂಚ್ಯಂಕ, ಚಂದಾ ಕೊಟ್ಟು ಪಡೆಯುವ ಬಾಡಿಗೆ ದತ್ತಾಂಶ, ನೆಲೆಗಳ ವಸತಿ ಕಚೇರಿಗಳು ಕಳಿಸುವ ಸ್ಥಳೀಯ ಪಟ್ಟಿಗಳು, ಎಲ್ಲವೂ ಇದರಲ್ಲಿ ಸೇರುತ್ತವೆ. ಟ್ರೇಲರ್ ಮನೆಗಳು, ಪೀಠೋಪಕರಣ ಸಮೇತ ಕೊಡುವ ಮನೆಗಳು, ಸರ್ಕಾರದ ನೆರವಿನ ಅಗ್ಗದ ವಸತಿಗಳು, ಪ್ರವಾಸಿ ಹಂಗಾಮಿನ ಬಾಡಿಗೆಗಳನ್ನು ಹೊರಗಿಡುತ್ತಾರೆ. ಉಳಿದವುಗಳ ಮಧ್ಯಾಂಕ ತೆಗೆದು ವಿದ್ಯುತ್, ಶಾಖ, ನೀರು ಮತ್ತು ಒಳಚರಂಡಿಯ ಸರಾಸರಿ ಖರ್ಚು ಸೇರಿಸುತ್ತಾರೆ. ಡಿಸೆಂಬರ್‌ನಲ್ಲಿ ಪ್ರಕಟಣೆ, ಜನವರಿ 1ರಿಂದ ಜಾರಿ.

ಮಧ್ಯಾಂಕ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವಿನದನ್ನು ಹೆಕ್ಕುವುದು. ಅಂದರೆ ಊರಿನ ಅಂಥ ಮನೆಗಳಲ್ಲಿ ಅರ್ಧದಷ್ಟರ ಬಾಡಿಗೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಇದನ್ನು ಯಾರ ಮೋಸವೆಂದೂ ಹೇಳಲಾಗದು. ಲೆಕ್ಕದ ಸ್ವಭಾವವೇ ಅದು. ಸುಮ್ಮನೆ ಜಾಹೀರಾತು ತೆರೆದು ನೋಡಿದವರಿಗೆ ಎರಡರಲ್ಲಿ ಒಂದು ಮನೆ ಕೈಗೆಟುಕದಂತೆ ಕಂಡರೆ ಪದ್ಧತಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹತ್ತರಲ್ಲಿ ಒಂಬತ್ತು ಎಟುಕದಿದ್ದರೆ ಮಾತು ಬೇರೆ.

ಮನೆಗಳ ಸಂಖ್ಯೆ ಸಾಕಷ್ಟಿಲ್ಲದಿದ್ದರೆ ಆ ನಡುವಿನ ಮನೆಯೂ ನಂಬಲರ್ಹವಲ್ಲ. ಅಮೆರಿಕದ ಸಂಸತ್ತಿನ ಪರವಾಗಿ ಲೆಕ್ಕ ತಪಾಸಣೆ ಮಾಡುವ ಸರ್ಕಾರಿ ಹೊಣೆಗಾರಿಕೆ ಕಚೇರಿ, ಜಿಎಒ, 2021ರ ಜನವರಿಯಲ್ಲಿ ಇದೇ ಎಳೆಯನ್ನು ಹಿಡಿದೆಳೆಯಿತು. ಪ್ರದೇಶ ಮತ್ತು ಮನೆ ಬಗೆಯ ಜೋಡಿಗಳಲ್ಲಿ ಶೇ 44ರಷ್ಟರಲ್ಲಿ, ಇಲಾಖೆ ತಾನೇ ಹಾಕಿಕೊಂಡ ಕನಿಷ್ಠ ಮಾದರಿ ಸಂಖ್ಯೆಯಷ್ಟು ಮನೆಗಳೂ ಸಿಕ್ಕಿರಲಿಲ್ಲ. ದೊಡ್ಡ ನಗರದಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟ್‌ಗಳಿಗೆ ಬರವಿಲ್ಲ. ಸಣ್ಣ ಊರಿನ ಪಕ್ಕದ ನೆಲೆಯಲ್ಲಿ ಬಾಡಿಗೆಗೆ ಸಿಗುವ ಟೌನ್‌ಹೌಸ್‌ಗಳನ್ನು ಬೆರಳಲ್ಲಿ ಎಣಿಸಬಹುದು. ಐದೇ ಮನೆಗಳ ನಡುವಿನದನ್ನು ಹೆಕ್ಕಿದರೆ, ಒಬ್ಬ ಮಾಲೀಕ ಮನೆಗೆ ಬಣ್ಣ ಹೊಡೆಸಿ ಬಾಡಿಗೆ ಏರಿಸಿದ್ದಕ್ಕೂ ಇಡೀ ದರ್ಜೆಯ ಭತ್ಯೆ ಅಲುಗಾಡಬಹುದು.

ಒಂದು ಕೊರತೆಯನ್ನು ಬಿಡಿಸುವುದು

ಒಬ್ಬ ಸಾರ್ಜೆಂಟ್‌ನ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಈ ಅಂಕಿಗಳು ಯಾವ ಊರಿನವೂ ಅಲ್ಲ, ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡವು.

ಊರಿನಲ್ಲಿ ಏಳು ಎರಡು ಕೋಣೆಯ ಟೌನ್‌ಹೌಸ್‌ಗಳು ಸಿಕ್ಕಿವೆ ಎನ್ನಿ. ತಿಂಗಳ ಬಾಡಿಗೆ 1,450, 1,600, 1,700, 1,800, 1,900, 2,300 ಮತ್ತು 2,900 ಡಾಲರ್. ಸರಾಸರಿ ತೆಗೆದರೆ 1,950 ಬರುತ್ತದೆ. ಕೊನೆಯ ಎರಡು ದುಬಾರಿ ಮನೆಗಳು ಅದನ್ನು ಮೇಲಕ್ಕೆಳೆದಿವೆ. ನಡುವಿನದು 1,800. ಇಲಾಖೆ ಹಿಡಿಯುವುದು ಇದನ್ನೇ. ವಿದ್ಯುತ್, ನೀರು ಇತ್ಯಾದಿಗೆ 220 ಸೇರಿಸಿದರೆ 2,020. ಸೈನಿಕನ ಪಾಲು 120 (ಇದು 2,020ರ ಶೇ 5 ಏಕಲ್ಲ ಎಂಬುದು ಮುಂದೆ ಬರುತ್ತದೆ) ಕಳೆದರೆ ಭತ್ಯೆ 1,900 ಡಾಲರ್.

ಇದು ಒಂದು ವರ್ಷದ ಬೇಸಿಗೆಯಲ್ಲಿ ಅಳೆದದ್ದು. ಸಾರ್ಜೆಂಟ್ ಆ ಊರಿಗೆ ಬಂದಿಳಿಯುವುದು ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ಬಾಡಿಗೆ ಶೇ 8 ಏರಿ ನಡುವಿನ ಮನೆ 1,944 ಆಗಿದೆ. ಅವನಿಗೆ ಸಿಕ್ಕಿದ್ದು ಶಾಲೆಗೆ ಹತ್ತಿರವಿರುವ, ಅಂಗಳವಿರುವ 2,100 ಡಾಲರ್‌ನ ಮನೆ. ವಿದ್ಯುತ್, ನೀರು ಸೇರಿ ತಿಂಗಳಿಗೆ 2,320. ಕೈಗೆ ಬರುವುದು 1,900. ಕೊರತೆ 420.

ಸರ್ಕಾರ ನನಗೆ 420 ಡಾಲರ್ ಕಡಿಮೆ ಕೊಡುತ್ತಿದೆ ಎಂದು ಅವನು ಹೇಳಿದರೆ ಅದು ಸರಿಯೇ? ಬಿಡಿಸಿ ನೋಡಿದರೆ 120 ಡಾಲರ್ ಕಾನೂನು ಕೊಟ್ಟ ಅವಕಾಶ ಬಳಸಿ ಇಲಾಖೆ ಅವನ ಮೇಲೆ ಹೊರಿಸಿದ್ದು. 144 ಡಾಲರ್ ಕಾಲ ತಿಂದದ್ದು, ಅಂದರೆ ಅಳತೆಗೂ ಬಾಡಿಗೆ ಕರಾರಿಗೂ ನಡುವೆ ಏರಿದ ಬಾಡಿಗೆ. ಉಳಿದ 156 ಅವನ ಆಯ್ಕೆಯದು, ಅಥವಾ ಆಯ್ಕೆಯೇ ಇಲ್ಲದ ಊರಿನದು. ಮೊದಲನೆಯದನ್ನು ಸರಿಪಡಿಸಬೇಕಾದದ್ದು ಸಂಸತ್ತು ಮತ್ತು ಇಲಾಖೆ. ಎರಡನೆಯದಕ್ಕೆ ಇಲಾಖೆ ನಡುವರ್ಷದಲ್ಲಿ ಮರು ಅಳತೆ ಮಾಡಬೇಕು. ಮೂರನೆಯದಕ್ಕೆ ಭತ್ಯೆ ಏರಿಸುವುದು ಮದ್ದೇ ಅಲ್ಲದಿರಬಹುದು. ಊರಿನಲ್ಲಿ ಮನೆಗಳೇ ಇಲ್ಲದಿದ್ದರೆ ಹೆಚ್ಚು ಹಣ ಕೊಟ್ಟಷ್ಟೂ ಅದು ಮಾಲೀಕರ ಕೈ ಸೇರುತ್ತದೆ. ಭತ್ಯೆಯ ಬಗ್ಗೆ ನಡೆಯುವ ಹೆಚ್ಚಿನ ಜಗಳಗಳಲ್ಲಿ ಈ ಮೂರೂ ಒಂದೇ ಮೂಟೆಯಲ್ಲಿ ಬಿದ್ದಿರುತ್ತವೆ ಎಂಬುದು ನನ್ನ ಅನಿಸಿಕೆ. ಹಾಗಾಗಿಯೇ ಅವು ಬಗೆಹರಿಯುವುದಿಲ್ಲ.

ಕಾಲದ ಕೊರತೆ ಎಷ್ಟು ದೊಡ್ಡದಾಗಬಹುದು ಎಂಬುದನ್ನು 2021 ಮತ್ತು 2022 ತೋರಿಸಿಕೊಟ್ಟವು. ಜೂನ್‌ನಲ್ಲಿ ಅಳೆದ ಬಾಡಿಗೆ ಮರುವರ್ಷದ ಡಿಸೆಂಬರ್‌ವರೆಗೆ, ಅಂದರೆ ಹದಿನೆಂಟು ತಿಂಗಳು, ದುಡಿಯಬೇಕು. ಬಾಡಿಗೆ ಮೆಲ್ಲನೆ ಏರುವ ಕಾಲದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಸಾಂಕ್ರಾಮಿಕದ ನಂತರ ಬಾಡಿಗೆಗಳು ನಾಗಾಲೋಟಕ್ಕೆ ಬಿದ್ದಾಗ ಎದ್ದು ಕಂಡಿತು. 2021ರ ಕೊನೆಯ ಮೂರು ತಿಂಗಳು 56 ಪ್ರದೇಶಗಳಲ್ಲಿ ತಾತ್ಕಾಲಿಕ ಏರಿಕೆ ಕೊಡಬೇಕಾಯಿತು. 2022ರ ಜನವರಿಯಲ್ಲಿ ಸರಾಸರಿ ಶೇ 5.1 ಏರಿಸಿದ್ದು ವರ್ಷದ ನಡುವಿಗೇ ಸಾಲದಾಯಿತು. ಆ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್, ಬಾಡಿಗೆ ಶೇ 20ಕ್ಕಿಂತ ಹೆಚ್ಚು ಜಿಗಿದಿದ್ದ 28 ಪ್ರದೇಶಗಳಿಗೆ ಅಕ್ಟೋಬರ್‌ನಿಂದ ಏರಿಕೆ ಪ್ರಕಟಿಸಿದರು. 2023ರಲ್ಲಿ ಸರಾಸರಿ ಏರಿಕೆ ಶೇ 12.1. ಈ ಅಂಕಿಯನ್ನು ಉದಾರತೆ ಎಂದು ಓದಿದವರಿದ್ದಾರೆ. ಹಿಂದಿನ ವರ್ಷ ಸೈನಿಕರು ಕೈಯಿಂದ ಹಾಕಿದ್ದನ್ನು ಅದು ತಡವಾಗಿ ಒಪ್ಪಿಕೊಂಡಿತಷ್ಟೆ, ಹಾಕಿದ್ದನ್ನು ಹಿಂತಿರುಗಿಸಲಿಲ್ಲ.

ಇನ್ನು ಆ ಶೇ 5ರ ವಿಷಯ. ಹೆಸರು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಬಾಡಿಗೆಯ ಇಪ್ಪತ್ತರಲ್ಲಿ ಒಂದು ಪಾಲು ಕೊಡುತ್ತಾರೆ ಎಂದು ಭಾಸವಾಗುತ್ತದೆ. ಹಾಗಿಲ್ಲ. ಒಂದು ದರ್ಜೆಯವರಿಗೆ ದೇಶದಾದ್ಯಂತ ತಗಲುವ ಮನೆ ಖರ್ಚಿನ ಸರಾಸರಿಯ ಶೇ 5ನ್ನು ಡಾಲರ್‌ಗೆ ಇಳಿಸಿ, ಅದೇ ಮೊತ್ತವನ್ನು ಎಲ್ಲ ಊರುಗಳಲ್ಲೂ ಕಳೆಯುತ್ತಾರೆ. 2025ರಲ್ಲಿ ಅದು ದರ್ಜೆಗೆ ತಕ್ಕಂತೆ ತಿಂಗಳಿಗೆ 90ರಿಂದ 202 ಡಾಲರ್ ಇತ್ತು. ಮೇಲಿನ ಸಾರ್ಜೆಂಟ್‌ನ 120 ಡಾಲರನ್ನೇ ತೆಗೆದುಕೊಳ್ಳಿ. ಮನೆ ಖರ್ಚು 1,200 ಇರುವ ಸಣ್ಣ ಊರಿನಲ್ಲಿ ಅದು ಶೇ 10. ಖರ್ಚು 3,600 ಇರುವ ಕರಾವಳಿ ನಗರದಲ್ಲಿ ಶೇ 3.3. ಅಗ್ಗದ ಊರಿನವರಿಗೆ ಭತ್ಯೆ ಧಾರಾಳ ಎಂಬ ಮಾತು ಅಷ್ಟು ಸಲೀಸಲ್ಲ.

ಒಂದೇ ಪ್ರದೇಶದೊಳಗೂ ಏರುಪೇರಿದೆ. ಗಡಿ ಎಳೆಯುವುದು ಜಿಪ್ ಕೋಡ್‌ಗಳ ಮೇಲೆ, ದಿನವೂ ಓಡಾಡಲು ಸಾಧ್ಯವಾಗುವ ದೂರದೊಳಗೆ. ನೆಲೆಯ ಗೇಟಿನ ಎದುರಿನ ದುಬಾರಿ ಬಡಾವಣೆಯೂ ಮುಕ್ಕಾಲು ಗಂಟೆ ದೂರದ ಹೊರವಲಯವೂ ಒಂದೇ ಚೀಲದಲ್ಲಿ ಬೀಳಬಹುದು. ಭತ್ಯೆ ಎರಡರ ನಡುವಿನದಾಗಿರುತ್ತದೆ. ದೂರದಲ್ಲಿದ್ದರೆ ಬಾಡಿಗೆಯಲ್ಲಿ ಉಳಿದದ್ದು ಪೆಟ್ರೋಲಿಗೆ ಹೋಗುತ್ತದೆ. ಆ ಪೆಟ್ರೋಲು ಬಿಎಎಚ್ ಲೆಕ್ಕದಲ್ಲಿ ಎಲ್ಲೂ ಇಲ್ಲ. ಬಾಡಿಗೆ ಮುಂಗಡವೂ ಇಲ್ಲ, ನಾಯಿ ಸಾಕಿದ್ದಕ್ಕೆ ಮಾಲೀಕ ಕೇಳುವ ಹೆಚ್ಚುವರಿಯೂ ಇಲ್ಲ.

ದರ ಇಳಿದರೆ ಏನಾಗುತ್ತದೆ? ಈಗಾಗಲೇ ಆ ಊರಿನಲ್ಲಿರುವವನ ಭತ್ಯೆ ಇಳಿಯುವುದಿಲ್ಲ. ವರ್ಗಾವಣೆಯಾಗದ, ದರ್ಜೆ ಇಳಿಯದ, ಅವಲಂಬಿತರ ಸ್ಥಿತಿ ಬದಲಾಗದ ತನಕ ಹಳೆಯ ಹೆಚ್ಚಿನ ದರವೇ ಅವನಿಗೆ ಸಿಗುತ್ತದೆ. ಕರಾರಿಗೆ ಸಹಿ ಹಾಕಿದವನನ್ನು ನಡುದಾರಿಯಲ್ಲಿ ಕೈಬಿಡಬಾರದು ಎಂಬ ಒಳ್ಳೆಯ ಯೋಚನೆ ಇದು. ಇದರಿಂದ ಒಂದೇ ಬೀದಿಯಲ್ಲಿ, ಒಂದೇ ದರ್ಜೆಯ ಇಬ್ಬರು, ಬೇರೆಬೇರೆ ಭತ್ಯೆ ಪಡೆಯುವುದೂ ಉಂಟು. ಪಕ್ಕದ ಮನೆಯವರೊಂದಿಗೆ ಹೋಲಿಸಿ ಭತ್ಯೆ ತಪ್ಪಾಗಿದೆ ಎಂದು ತೀರ್ಮಾನಿಸುವ ಮೊದಲು ಅವರು ಯಾವ ವರ್ಷ ಬಂದವರು ಎಂದು ಕೇಳಬೇಕು.

ನೆಲೆಯ ಬೇಲಿಯೊಳಗಿನ ಮನೆಗಳದ್ದು ಬೇರೆಯೇ ಪುರಾಣ. 1996ರ ಕಾನೂನಿನಿಂದ ಶುರುವಾಗಿ ಅಮೆರಿಕದೊಳಗಿನ ಸೇನಾ ಕುಟುಂಬ ವಸತಿಯನ್ನು ಬಹುತೇಕ ಪೂರ್ತಿ ಖಾಸಗಿ ಕಂಪನಿಗಳಿಗೆ ವಹಿಸಲಾಗಿದೆ. ಅಲ್ಲಿ ವಾಸಿಸುವ ಕುಟುಂಬದ ಭತ್ಯೆ ಸಾಮಾನ್ಯವಾಗಿ ಹಾಗೆಹಾಗೇ ಕಂಪನಿಗೆ ಬಾಡಿಗೆಯಾಗಿ ಹೋಗುತ್ತದೆ. ಭತ್ಯೆ ಏರಿದರೆ ಬಾಡಿಗೆಯೂ ಏರುತ್ತದೆ. ಗೋಡೆಗೆ ಬೂಸ್ಟು ಹಿಡಿದಿದ್ದರೂ ಅಷ್ಟೇ. ಶೇ 5ರ ಕಡಿತದಿಂದ ಈ ಕಂಪನಿಗಳ ಆದಾಯಕ್ಕೆ ಪೆಟ್ಟು ಬಿದ್ದಾಗ, ಅದನ್ನು ತುಂಬಿಕೊಡಲು ಸಂಸತ್ತು ಅವುಗಳಿಗೆ ಪ್ರತ್ಯೇಕ ಪಾವತಿಯ ಏರ್ಪಾಡು ಮಾಡಿತು. ದೇಶದೊಳಗಿನ ಸೈನಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಬೇಲಿಯ ಹೊರಗೆ, ಸಾಮಾನ್ಯ ಮಾರುಕಟ್ಟೆಯಲ್ಲಿ ಇರುವವರು. ಅವರಿಗೆ ಅಂಥ ಏರ್ಪಾಡೇನೂ ಆಗಲಿಲ್ಲ. ಈ ಇಡೀ ವಿಷಯದಲ್ಲಿ ನನಗೆ ನಿಜಕ್ಕೂ ಕಿರಿಕಿರಿ ಎನಿಸುವ ಜಾಗ ಇದೊಂದೇ.

ವಿದೇಶದ ನೆಲೆಗಳಲ್ಲಿ ಇದೇ ದೇಶ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಸೈನಿಕ ತನ್ನ ಬಾಡಿಗೆ ಕರಾರನ್ನು ತೋರಿಸಬೇಕು. ಒಂದು ಮಿತಿಯವರೆಗೆ ನಿಜವಾದ ಬಾಡಿಗೆಯನ್ನೇ ಕೊಡುತ್ತಾರೆ, ವಿನಿಮಯ ದರ ಬದಲಾದರೆ ಅದನ್ನೂ ಸರಿಹೊಂದಿಸುತ್ತಾರೆ. ನೂರರಲ್ಲಿ 80 ಜನರ ಬಾಡಿಗೆ ಪೂರ್ತಿ ಒಳಗೊಳ್ಳುವಂತೆ ಆ ಮಿತಿಯನ್ನು ಇಡುತ್ತಾರೆ. ಕೊರತೆ ಕಡಿಮೆ, ನಿಜ. ಆದರೆ ಅಗ್ಗದ ಮನೆ ಹುಡುಕಿದವನಿಗೆ ಬಿಡಿಗಾಸೂ ಉಳಿಯದು, ಹಾಗಾಗಿ ಚೌಕಾಸಿ ಮಾಡಲು ಯಾರಿಗೂ ಮನಸ್ಸಿರುವುದಿಲ್ಲ. ಮಿತಿ ಎಷ್ಟೆಂದು ಊರಿನ ಮಾಲೀಕರಿಗೂ ಚೆನ್ನಾಗಿ ಗೊತ್ತಿರುತ್ತದೆ.

2024ರ ಅಕ್ಟೋಬರ್‌ನಲ್ಲಿ ಜಿಎಒ ಮತ್ತೊಂದು ವರದಿ ಕೊಟ್ಟಿತು. ಈ ಸಲ ಅದು ನೋಡಿದ್ದು ಭತ್ಯೆಗಿಂತ ಹೆಚ್ಚಾಗಿ ಮನೆಗಳ ಕೊರತೆಯನ್ನು. ನೆಲೆಗಳ ಸುತ್ತ ಸಿಗುವ ಮನೆಗಳು ಎಷ್ಟು, ಅವು ಕೈಗೆಟುಕುತ್ತವೆಯೇ ಎಂದು. ವಸತಿ ತೀರಾ ಬಿಗಿಯಾಗಿರುವ ಪ್ರದೇಶಗಳ ಸಮಗ್ರ ಪಟ್ಟಿಯನ್ನು ಇಲಾಖೆ ಮಾಡಿಟ್ಟುಕೊಳ್ಳಬೇಕು ಎಂದಿತು. ಇದು ಮೇಲಿನ ಲೆಕ್ಕದ ಮೂರನೇ ತುಂಡು, ಆ 156 ಡಾಲರ್. ಭತ್ಯೆಯ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇಲ್ಲ.

ನೆಲೆಯ ವಸತಿ ಕಚೇರಿಯಲ್ಲಿ ಆ ಸಾರ್ಜೆಂಟ್ ಮತ್ತು ಅವನ ಹೆಂಡತಿ ಜೂನ್ ತಿಂಗಳಲ್ಲಿ ಬಾಡಿಗೆ ಮನೆಗಳ ಪಟ್ಟಿ ತಿರುವಿ ಹಾಕುತ್ತಾರೆ. 1,700ರ ಮನೆಗೆ ಕರೆ ಮಾಡಿದರೆ ನಿನ್ನೆಯೇ ಹೋಯಿತು ಎನ್ನುತ್ತಾರೆ. 2,400ರದ್ದು ಮೂರು ವಾರದಿಂದ ಖಾಲಿ ಇದೆ. ಅದರ ಮೇಲೆ ಹೆಂಡತಿ ಅಡ್ಡಗೆರೆ ಎಳೆಯುತ್ತಾಳೆ. ಪಕ್ಕದ ಮೇಜಿನಲ್ಲಿ ಗುಮಾಸ್ತನೊಬ್ಬ ಅದೇ ಊರಿನ ಖಾಲಿ ಮನೆಗಳ ಬಾಡಿಗೆಯನ್ನು ಒಂದೊಂದಾಗಿ ಕಂಪ್ಯೂಟರಿಗೆ ಸೇರಿಸುತ್ತಿದ್ದಾನೆ, ಮುಂದಿನ ಜನವರಿಯ ಲೆಕ್ಕಕ್ಕೆ.